ಕಟ್ಟು ನಮ್ಮದು, ಎಲೆ ಕಂಪನಿಯದು

ಯಾದಗಿರಿ ಕಡೆ ‘ಅವ ಎಲಿ ಆಡ್ತಾನ’ ಅಂದರೆ ಯಾರೂ ಹೊಗಳಿಕೆ ಎಂದು ತಿಳಿಯುವುದಿಲ್ಲ. ಹೆಣ್ಣು ಕೊಡುವವರು ಮೊದಲು ವಿಚಾರಿಸುವ ಸಂಗತಿಗಳಲ್ಲಿ ಅದೂ ಒಂದು. ದೀಪಾವಳಿ ಬಂತೆಂದರೆ ಊರ ಹೊರಗಿನ ತೋಟದಲ್ಲಿ ಅಂದರ್-ಬಾಹರ್ ಮಂಡಿ ಹಾಕಿ ಕೂತವರು, ಅವರ ಮೇಲೆ ಬಿದ್ದ ಪೊಲೀಸರು, ಜಪ್ತಿಯಾದ ನಗದು, ಇವು ಜಿಲ್ಲಾ ಪುಟದ ಕಾಯಂ ಸುದ್ದಿ. ಹಾಗಾಗಿ ಸುರಪುರದ ರಂಗಂಪೇಟೆಯಲ್ಲೋ ಶಹಾಪುರದ ಬಸ್ ಸ್ಟ್ಯಾಂಡಿನಲ್ಲೋ ಕಾಲೇಜು ಹುಡುಗನೊಬ್ಬ ಫೋನಿನಲ್ಲಿ ಎಲೆ ಇಳಿಸುತ್ತ ಕೂತರೆ, ಹಿಂದಿನಿಂದ ಇಣುಕಿದ ಹಿರಿಯರಿಗೆ ಅದು ರಮ್ಮಿಯೇ. ಅವನು ಆಡುತ್ತಿರುವುದು ಬೇರೆ ವಂಶದ ಆಟ ಎಂದು ವಿವರಿಸಲು ಹೋದರೆ ಬೈಗುಳ ಹೆಚ್ಚಾಗುತ್ತದಷ್ಟೆ. ಆದರೆ ಬೇರೆ ವಂಶವೆಂಬುದು ನಿಜ. ಹಿರಿಯರ ಅನುಮಾನದಲ್ಲಿ ಒಂದಿಷ್ಟು ಹುರುಳಿದೆ ಎಂಬುದೂ ನಿಜ. ಎರಡಕ್ಕೂ ಕಾರಣ ಈ ಆಟ ಬೆಳೆದು ಬಂದ ದಾರಿಯಲ್ಲೇ ಇದೆ.

ಇಸ್ಪೀಟಿನ 52 ಎಲೆ ಎಲ್ಲರಿಗೂ ಒಂದೇ. ಕಲಸಿ ಹಂಚಿದ ಮೇಲೆ ಯಾರ ಕೈಗೆ ಏನು ಬಂತು ಎಂಬುದರಿಂದ ಆಟ ಶುರುವಾಗುತ್ತದೆ. ಮುಗಿದ ಮೇಲೆ ಎಲೆಗಳು ಮತ್ತೆ ಒಂದೇ ಕಟ್ಟಿಗೆ ಮರಳುತ್ತವೆ. ಸಂಗ್ರಹದ ಎಲೆಯಾಟದಲ್ಲಿ ಹಾಗಲ್ಲ. ನೂರಾರು, ಸಾವಿರಾರು ಬಗೆಯ ಎಲೆಗಳಿರುತ್ತವೆ. ಅವುಗಳಲ್ಲಿ ತನ್ನ ಬಳಿ ಇರುವುದನ್ನು ಆರಿಸಿ, ತನ್ನದೇ ಕಟ್ಟು ಹೊಂದಿಸಿಕೊಂಡು ಆಟಗಾರ ಕಣಕ್ಕೆ ಬರುತ್ತಾನೆ. ಅರ್ಧ ಆಟ ಮನೆಯಲ್ಲೇ, ಎದುರಾಳಿ ಕಾಣುವ ಮೊದಲೇ ಮುಗಿದಿರುತ್ತದೆ.

ಈ ಕೂಡಿಡುವ ಹುಚ್ಚು ನಮ್ಮ ಮಕ್ಕಳಿಗೆ ಫೋನು ಕಲಿಸಿದ್ದಲ್ಲ. ಕಡ್ಡಿಪೆಟ್ಟಿಗೆಯ ಮುಖಚಿತ್ರ, ಖಾಲಿ ಸಿಗರೇಟು ಪ್ಯಾಕು ಹರಿದು ಕೂಡಿಟ್ಟು, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಎಂದು ಬೆಲೆ ಕಟ್ಟಿ ಆಡಿದ ತಲೆಮಾರು ಈಗ ಮೊಮ್ಮಕ್ಕಳನ್ನು ಕಾಣುತ್ತಿದೆ. ಅಪರೂಪದ ಚಿತ್ರಕ್ಕೆ ಹೆಚ್ಚು ಬೆಲೆ ಎಂದು ಅವರಿಗೆ ಯಾವ ಕಂಪನಿಯೂ ಹೇಳಿಕೊಟ್ಟಿರಲಿಲ್ಲ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಬಂತು, ಅದರ ಹಿಂದೆಯೇ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಬಂತು. ಎತ್ತರ, ತೂಕ, ಎದೆ, ತೋಳು, ಆಡಿದ ಪಂದ್ಯ, ಗೆದ್ದ ಪಂದ್ಯ ಎಲ್ಲವೂ ಎಲೆಯ ಮೇಲೆ ಅಚ್ಚಾಗಿರುತ್ತಿದ್ದವು. ‘ತೂಕ’ ಎಂದು ಒಬ್ಬ ಕೂಗಿದರೆ ಎದುರಿನವ ಯೋಕೊಝುನಾ ಇಳಿಸುತ್ತಿದ್ದ. ಅಲ್ಲಿಗೆ ಮಾತೇ ಇಲ್ಲ. ಶಾಲೆ ಮುಂದಿನ ಅಂಗಡಿಯಲ್ಲಿ ಕೊಂಡ ಎಲೆ ಹುಡುಗನ ಸ್ವಂತ ಆಸ್ತಿ. ಸೋತರೆ ಕೊಡಬೇಕು, ಬೇಡವಾದರೆ ಅದಲಿ ಬದಲಿ ಮಾಡಬಹುದು, ಮಾಸ್ತರು ಕಿತ್ತುಕೊಂಡರೆ ಅಳಬಹುದು. ಒಡೆತನದ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಜಗತ್ತಿನ ಮಟ್ಟಿಗೆ ಈ ಆಟದ ಹುಟ್ಟು ಸ್ಪಷ್ಟವಾಗಿದೆ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಮಾರುಕಟ್ಟೆಗೆ ಬಂತು. ಒಳಗೇನಿದೆ ಎಂದು ಕಾಣದ ಮುಚ್ಚಿದ ಪೊಟ್ಟಣ, ಅದರಲ್ಲಿ ಹೆಚ್ಚಿನವು ಸಾಮಾನ್ಯ ಎಲೆ, ಒಂದೋ ಎರಡೋ ಅಪರೂಪದ್ದು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಗಳು ಇದೇ ದಾರಿ ಹಿಡಿದವು. 1997ರಲ್ಲಿ ‘ಕ್ರಾನ್ ಎಕ್ಸ್’ ಎಂಬ ಆಟ ಎಲೆಗಳನ್ನು ನೇರವಾಗಿ ಇಂಟರ್ನೆಟ್ಟಿಗೇ ತಂದಿತು. ಕಾಗದವಿಲ್ಲ, ಪೊಟ್ಟಣ ಮಾತ್ರ ಇದೆ. 2002ರಲ್ಲಿ ಬಂದ ‘ಮ್ಯಾಜಿಕ್ ಆನ್‌ಲೈನ್’ ಪರದೆಯ ಎಲೆಗೂ ಕಾಗದದ ಎಲೆಯಷ್ಟೇ ಬೆಲೆ ಇಟ್ಟಿತು. ಜನ ಹುಬ್ಬೇರಿಸಿದಾಗ ಒಂದು ಉಪಾಯ ಹೂಡಿತು: ಒಂದು ಸರಣಿಯ ಎಲೆಗಳನ್ನು ಪೂರ್ತಿಯಾಗಿ ಕೂಡಿಸಿದವರು ಅವನ್ನು ಕೊಟ್ಟು ಕಾಗದದ ಎಲೆಗಳನ್ನೇ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಪರದೆಯ ಮೇಲಿನದೂ ನಿಮ್ಮದೇ ಎಂದು ನಂಬಿಸಲು ಕಂಪನಿ ಅಷ್ಟು ದೂರ ಹೋಗಬೇಕಾದ ಕಾಲ ಅದು. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು; ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕೂತು ಪರೀಕ್ಷೆಯ ಫಲಿತಾಂಶ ನೋಡುವುದೇ ಇಂಟರ್ನೆಟ್ಟು.

2014ರ ಮಾರ್ಚಿನಲ್ಲಿ ಬ್ಲಿಝಾರ್ಡ್ ಕಂಪನಿಯ ‘ಹಾರ್ತ್‌ಸ್ಟೋನ್’ ಬಂದು ಲೆಕ್ಕವನ್ನೇ ಬದಲಿಸಿತು. ಆಟ ಪುಕ್ಕಟೆ, ಮರುವರ್ಷ ಫೋನಿಗೂ ಬಂತು. 30 ಎಲೆಯ ಕಟ್ಟು, ಇಬ್ಬರಿಗೂ 30ರ ಆಯಸ್ಸು. ಮೊದಲ ಸರದಿಯಲ್ಲಿ ಒಂದು ‘ಮಾನಾ’, ಎರಡನೆಯದಕ್ಕೆ ಎರಡು, ಹೀಗೆ ಹತ್ತರವರೆಗೆ ಖರ್ಚಿನ ಶಕ್ತಿ ಏರುತ್ತದೆ. ಸಣ್ಣ ಎಲೆಗಳಿಂದ ಬೇಗ ಮುಗಿಸುವ ಕಟ್ಟು ಒಂದು ಬಗೆ, ಮೊದಲು ಪೆಟ್ಟು ತಿಂದು ಆಮೇಲೆ ದೊಡ್ಡ ಎಲೆ ಇಳಿಸುವ ಕಟ್ಟು ಇನ್ನೊಂದು ಬಗೆ. ಅದೃಷ್ಟ ಇದೆ, ಆದರೆ ಯಾವ ಎಲೆಯನ್ನು ಯಾವ ಸರದಿಗೆ ತಡೆದಿಡಬೇಕು ಎಂಬ ಲೆಕ್ಕ ಅದಕ್ಕಿಂತ ದೊಡ್ಡದು. ನಾಲ್ಕೇ ವರ್ಷಗಳಲ್ಲಿ 10 ಕೋಟಿ ಜನ ಅದನ್ನು ಆಡಿದ್ದರು.

ಆದರೆ ಹಾರ್ತ್‌ಸ್ಟೋನ್ ಸದ್ದಿಲ್ಲದೆ ಒಂದನ್ನು ಕಿತ್ತುಕೊಂಡಿತು: ಅದಲಿ ಬದಲಿ. ನನ್ನ ಬಳಿ ಎರಡಿದೆ, ನಿನಗೊಂದು ಕೊಡುತ್ತೇನೆ ಎನ್ನುವಂತಿಲ್ಲ. ಬೇಡದ ಎಲೆಯನ್ನು ಒಡೆದು ಪುಡಿ ಮಾಡಬೇಕು. ಆ ಪುಡಿಯಿಂದ ಬೇಕಾದ್ದನ್ನು ಮಾಡಿಸಿಕೊಳ್ಳಬೇಕು. ಅತಿ ಅಪರೂಪದ ‘ಲೆಜೆಂಡರಿ’ ಎಲೆ ಒಡೆದರೆ ಸಿಗುವುದು 400 ಪುಡಿ, ಹೊಸದಾಗಿ ಮಾಡಿಸಲು ಬೇಕಾದದ್ದು 1600. ಸಾಮಾನ್ಯ ಎಲೆಗೆ ಈ ಲೆಕ್ಕ 5 ಮತ್ತು 40. ಸುರಪುರದ ಬಂಗಾರದಂಗಡಿಯಲ್ಲಿ ಹಳೆಯ ಒಡವೆ ಕೊಟ್ಟು ಹೊಸದು ಮಾಡಿಸಲು ಹೋದವರಿಗೂ ಇಷ್ಟು ಸವಕಳಿ ಹಿಡಿಯುವುದಿಲ್ಲ. ಈ ಪುಡಿಯ ಲೆಕ್ಕ ಕಂಡುಹಿಡಿದವನೇ ಈ ಕ್ಷೇತ್ರದ ಅಸಲಿ ವ್ಯಾಪಾರಿ ಎಂದು ನನ್ನ ಅಭಿಪ್ರಾಯ. ಮುಂದೆ ಬಂದ ಬಹುಪಾಲು ಆಟಗಳು ಅದನ್ನೇ ಸ್ವಲ್ಪ ತಿದ್ದಿ ಎತ್ತಿಕೊಂಡವು.

ನಮ್ಮ ಕಡೆ ಇದೆಲ್ಲ ಮುಟ್ಟಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ನಂತರ. ಆಗ ಮುಂದೆ ಬಂದದ್ದು ಹಾರ್ತ್‌ಸ್ಟೋನ್ ಅಲ್ಲ, ಅದೇ ವರ್ಷ ಬಿಡುಗಡೆಯಾಗಿದ್ದ ‘ಕ್ಲ್ಯಾಶ್ ರಾಯಲ್’. ಎಂಟೇ ಎಲೆ, ಮೂರೇ ನಿಮಿಷ, ಎಲೆ ಇಳಿಸಿದರೆ ಬೊಂಬೆಗಳು ಓಡಿ ಹೋಗಿ ಬುರುಜು ಕೆಡವುತ್ತವೆ. ಓದುವುದೇನೂ ಇಲ್ಲ. ಯಾದಗಿರಿಯಲ್ಲಿ ಇದು ಸಣ್ಣ ಮಾತಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಹಾರ್ತ್‌ಸ್ಟೋನಿನ ಹೆಚ್ಚಿನ ಎಲೆಗಳ ಮೇಲೆ ಎರಡು ಸಾಲು ಇಂಗ್ಲಿಷ್ ಇರುತ್ತದೆ. ಎಲೆಯ ಬಲವೆಲ್ಲ ಆ ಎರಡು ಸಾಲಿನಲ್ಲಿ. ‘ಈ ಎಲೆ ಸತ್ತಾಗ’ ಮತ್ತು ‘ಈ ಎಲೆ ಇಳಿದಾಗ’ ಎಂಬುದರ ವ್ಯತ್ಯಾಸ ತಿಳಿಯದವನು ಸೋಲುತ್ತಲೇ ಇರುತ್ತಾನೆ. ಜಪಾನಿ, ಕೊರಿಯನ್, ಥಾಯ್ ಭಾಷೆಗಳಲ್ಲಿ ಅದು ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಫ್ರೀ ಫೈರ್, ಪಬ್‌ಜಿಗಳಿಗೆ ಬೆರಳು ಸಾಕು. ಹಾರ್ತ್‌ಸ್ಟೋನಿನಂಥ ಎಲೆಯಾಟ ಓದುವವರ ಆಟ. ಅದು ಪದವಿ ಕಾಲೇಜಿನ ಹುಡುಗರಲ್ಲೇ ನಿಂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಇನ್ನೊಂದು ದಿಕ್ಕಿನಿಂದ ನೋಡಿದರೆ ಇದು ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಆಟವೂ ಹೌದು. ಗುಂಡು ಹಾರಿಸುವ ಆಟದಲ್ಲಿ ನೆಟ್‌ವರ್ಕ್ ಅರೆಗಳಿಗೆ ತಡವರಿಸಿದರೆ ತಲೆ ಹೋಯಿತು. ಸರದಿಯ ಆಟದಲ್ಲಿ ಹಾಗಿಲ್ಲ. ಹಾರ್ತ್‌ಸ್ಟೋನ್ ಒಂದು ಸರದಿಗೆ 75 ಸೆಕೆಂಡು ಕೊಡುತ್ತದೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಸಿಗ್ನಲ್ ಹೋಗಿ ಬರುವಷ್ಟರಲ್ಲಿ ಎದುರಾಳಿಯ ಸರದಿ ಮುಗಿದಿರುತ್ತದೆ. ಮತ್ತೆ ಸೇರಿಕೊಂಡು ಆಡಬಹುದು. ‘ಏ, ನನ್ ಸರದಿ ಬಂದದ ತಡಿ’ ಎಂದು ಟಿಕೆಟ್ಟಿಗೆ ಬಂದ ಕಂಡಕ್ಟರನನ್ನೂ ಕಾಯಿಸುವ ಹುಡುಗರುಂಟು.

ದೊಡ್ಡ ಊರಿನವರಷ್ಟೇ ಇದರಲ್ಲಿ ಮುಂದೆ ಬರುತ್ತಾರೆ ಎಂಬ ಮಾತಿಗೆ ಉತ್ತರ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸಿಕ್ಕಿತು. ಅಲ್ಲಿ ಪ್ರದರ್ಶನ ಸ್ಪರ್ಧೆಯಾಗಿ ನಡೆದ ಹಾರ್ತ್‌ಸ್ಟೋನಿನಲ್ಲಿ ಕಂಚು ಗೆದ್ದವರು ಗುಜರಾತಿನ ಭುಜ್ ಊರಿನ ತೀರ್ಥ ಮೆಹ್ತಾ. ಅದೇ ಕೂಟದಲ್ಲಿ ಬ್ರಿಜ್ ಆಡಿ ಪ್ರಣವ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಚಿನ್ನ ತಂದರು. ಎಲೆಯಾಟಕ್ಕೆ ಪದಕ ಬಂದ ಆ ವರ್ಷವೂ ನಮ್ಮ ಮನೆಗಳಲ್ಲಿ ಎಲೆಯ ಮಾನ ಏನೂ ಏರಲಿಲ್ಲ.

ಹಾರ್ತ್‌ಸ್ಟೋನಿನ ಆ ಎಲೆಗಳಿಗೆ ಮುಂದೆ ಏನಾಯಿತು ನೋಡಿ. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಹಾರ್ತ್‌ಸ್ಟೋನ್ ಪದಕದ ಸ್ಪರ್ಧೆಯಾಗಬೇಕಿತ್ತು. ಬ್ಲಿಝಾರ್ಡ್‌ಗೂ ಚೀನಾದ ಪಾಲುದಾರ ಕಂಪನಿಗೂ ಒಪ್ಪಂದ ಮುರಿದು ಆ ಜನವರಿಯಲ್ಲಿ ಅಲ್ಲಿನ ಸರ್ವರ್ ಬಂದ್ ಆಯಿತು. ಆಟ ಪಟ್ಟಿಯಿಂದ ಬಿತ್ತು. ಕೋಟ್ಯಂತರ ಎಲೆಗಳು ಒಂದು ಮಧ್ಯರಾತ್ರಿ ಕಾಣೆಯಾದವು, ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಎಲೆ ಮರಳಿ ಸಿಕ್ಕವರದು ಪುಣ್ಯ. 2020ರಲ್ಲಿ ‘ಡ್ಯುಯೆಲಿಸ್ಟ್’ ಎಂಬ ಎಲೆಯಾಟ ಮುಚ್ಚಿತು, ಆ ವರ್ಷದ ಕೊನೆಗೆ ‘ಹೆಕ್ಸ್’ ಮುಚ್ಚಿತು. ಮ್ಯಾಜಿಕ್ ರೂಪಿಸಿದ ಗಾರ್ಫೀಲ್ಡ್ ಅವರನ್ನೇ ಕರೆಸಿ ವಾಲ್ವ್ ಕಂಪನಿ 2018ರಲ್ಲಿ ತಂದ ‘ಆರ್ಟಿಫ್ಯಾಕ್ಟ್’ನಲ್ಲಿ ಎಲೆ ಮಾರುವ ಕೊಳ್ಳುವ ಸಂತೆಯೇ ಇತ್ತು. ಆಡುವವರೇ ಉಳಿಯದೆ 2021ರಲ್ಲಿ ಕಂಪನಿ ಕೈ ತೊಳೆದುಕೊಂಡಿತು. ಇದರ ನಡುವೆ ಒಂದು ಅಪವಾದ ಹೇಳಲೇಬೇಕು. ಪೋಲೆಂಡಿನ ‘ಗ್ವೆಂಟ್’ ಹೊಸ ಎಲೆ ತರುವುದನ್ನು ನಿಲ್ಲಿಸಿದಾಗ, ಯಾವ ಎಲೆಯ ಬಲ ಏರಬೇಕು, ಯಾವುದರದು ಇಳಿಯಬೇಕು ಎಂಬುದನ್ನು ಆಟಗಾರರ ಮತಕ್ಕೇ ಬಿಟ್ಟಿತು. ಎಲೆ ಕೊಡದಿದ್ದರೂ ಅದರ ಮೇಲೊಂದು ಹಕ್ಕು ಕೊಟ್ಟಂತಾಯಿತು.

ಇತ್ತೀಚಿನ ಅಲೆ ಚಿಕ್ಕದು, ಚುರುಕಿನದು. 2022ರ ‘ಮಾರ್ವೆಲ್ ಸ್ನ್ಯಾಪ್’ನಲ್ಲಿ 12 ಎಲೆ, ಆರು ಸರದಿ. 2024ರ ಅಕ್ಟೋಬರಿನಲ್ಲಿ ಬಂದ ‘ಪೋಕೆಮಾನ್ ಟಿಸಿಜಿ ಪಾಕೆಟ್’ನಲ್ಲಿ 20 ಎಲೆ, ಅಲ್ಲಿ ಆಟಕ್ಕಿಂತ ಪೊಟ್ಟಣ ಒಡೆಯುವುದೇ ಹಬ್ಬ. 12 ಗಂಟೆಗೊಂದು ಪೊಟ್ಟಣ ಪುಕ್ಕಟೆ, ಐದೈದು ಎಲೆ. ಬೆರಳಿನಿಂದ ಪೊಟ್ಟಣದ ಅಂಚು ಸವರಿದರೆ ಹರಿಯುವ ಸದ್ದು, ಆಮೇಲೆ ಒಂದೊಂದೇ ಎಲೆ. ಕೆಲವೇ ತಿಂಗಳಲ್ಲಿ ಡೌನ್‌ಲೋಡು 10 ಕೋಟಿ ದಾಟಿತು. ಯಾದಗಿರಿಯ ಹಾಸ್ಟೆಲ್ ಕೋಣೆಯಲ್ಲೂ ಬೆಳಗಿನ ಚಹಾಕ್ಕೆ ಮೊದಲು ಪೊಟ್ಟಣ ಹರಿಯುವವರಿದ್ದಾರೆ. ಕಾಯದೆ ಹರಿಯಬೇಕಾದರೆ ದುಡ್ಡು. ಹಿರಿಯರ ಅನುಮಾನಕ್ಕೆ ಹುರುಳಿರುವುದು ಇಲ್ಲೇ. ಎದುರಾಳಿಯೊಂದಿಗೆ ಪಣವಿಲ್ಲ, ನಿಜ. ಪಣ ಇರುವುದು ಮುಚ್ಚಿದ ಪೊಟ್ಟಣದೊಂದಿಗೆ. ಯಾವ ಎಲೆ ಬೀಳುವ ಸಾಧ್ಯತೆ ಎಷ್ಟು ಎಂದು ತೋರಿಸಲೇಬೇಕೆಂದು 2017ರಲ್ಲಿ ಚೀನಾ ನಿಯಮ ಜಾರಿಗೆ ತಂದಿತು, ಆಪಲ್ ಮತ್ತು ಗೂಗಲ್ ತಮ್ಮ ಅಂಗಡಿಗಳಲ್ಲೂ ಆ ನಿಯಮ ತಂದವು. ಹಾರ್ತ್‌ಸ್ಟೋನಿನಲ್ಲಿ ಒಂದು ಸರಣಿಯ 40 ಪೊಟ್ಟಣದೊಳಗೆ ಒಂದು ಲೆಜೆಂಡರಿ ಖಾತ್ರಿ. ಆ ನಲವತ್ತಕ್ಕೆ ಎಷ್ಟು ರೂಪಾಯಿ ಎಂದು ಗುಣಿಸಿ ನೋಡುವವರು ಕಡಿಮೆ.

ಕಾನೂನಿನ ಕಣ್ಣು ಮಾತ್ರ ರಮ್ಮಿಯ ಮೇಲೇ ಇತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಆ ಗುರಾಣಿ ಹಿಡಿದೇ ರಮ್ಮಿ ಆ್ಯಪ್‌ಗಳು ಹಳ್ಳಿ ಹಳ್ಳಿಗೆ ನುಗ್ಗಿದವು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು. ಕೌಶಲವೋ ಅದೃಷ್ಟವೋ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಇನ್ನು ಇಲ್ಲ. ಇ-ಕ್ರೀಡೆಗೂ ಸಾಮಾಜಿಕ ಆಟಗಳಿಗೂ ಪ್ರೋತ್ಸಾಹ. ರಮ್ಮಿ ಕಂಪನಿಯೊಂದು ಮೊದಲು ಪ್ರಶ್ನಿಸಿದ್ದೂ ನಮ್ಮ ಹೈಕೋರ್ಟಿನಲ್ಲೇ, ಪ್ರಕರಣಗಳು ಆಮೇಲೆ ಸುಪ್ರೀಂ ಕೋರ್ಟಿಗೆ ಹೋದವು. ಕಾಯ್ದೆಯನ್ನು ನಾನು ಓದಿದಂತೆ, ಪೊಟ್ಟಣದ ಆಟಗಳು ಇದರಿಂದ ಪಾರು, ಏಕೆಂದರೆ ಅಲ್ಲಿ ಗೆದ್ದವನಿಗೆ ರೂಪಾಯಿ ಸಿಗುವುದಿಲ್ಲ. ಎಲೆಯನ್ನು ಟೋಕನ್ ಮಾಡಿ ಹಣಕ್ಕೆ ಮಾರುವ ‘ಗಾಡ್ಸ್ ಅನ್‌ಚೇನ್ಡ್’ನಂಥವು ಯಾವ ಕಡೆ ಬೀಳುತ್ತವೆ ಎಂಬುದು ವಕೀಲರಿಗೆ ಒಳ್ಳೆಯ ಮೇವು.

ಇಷ್ಟೆಲ್ಲ ಬೆಳೆದರೂ ಈ ಕ್ಷೇತ್ರದಲ್ಲಿ ಕನ್ನಡದ ಎಲೆ ಎಲ್ಲಿ? ಅನಿಮೇಶನ್ ಮತ್ತು ಗೇಮಿಂಗಿಗೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ನಮ್ಮದು. ಎಲೆಯ ಸಂಪತ್ತೂ ನಮ್ಮಲ್ಲಿ ಕಡಿಮೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ, ಕೈಯಿಂದ ಚಿತ್ರ ಬರೆದ ಎಲೆಗಳಿಂದ ಆಡುವ ಗಂಜೀಫಾ ಆಟಗಳನ್ನು ಸಾಲಾಗಿ ವಿವರಿಸಿದ್ದಾರೆ, ಚಾಮುಂಡೇಶ್ವರಿ ಹೆಸರಿನ ಆಟಕ್ಕೆ 320 ಎಲೆ. ಮರೆಯಾಗುತ್ತಿದ್ದ ಆ ಕಲೆಯನ್ನು ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಮತ್ತೆ ಬರೆದು ಉಳಿಸಿದರು. ಇತ್ತ ಸುರಪುರದಲ್ಲಿ, ನಾಯಕ ದೊರೆಗಳ ಆಶ್ರಯದಲ್ಲಿ ಬೆಳೆದ ಚಿತ್ರಕಲೆಗೆ ಅಂಗೈಯಗಲದಲ್ಲಿ ಬಂಗಾರದ ರೇಕು ಹಚ್ಚಿ ದೇವರನ್ನು ಕೂರಿಸುವ ಪಳಗಿದ ಕೈ ಇದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, ಒಂದೊಂದಕ್ಕೆ ರಾಜ, ಮಂತ್ರಿ, ಹತ್ತು ಅಂಕಿಯ ಎಲೆ, ಒಟ್ಟು 120. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಹೀಗೆ ಗುರುತು. ಎರಡು ಸಾಲು ಇಂಗ್ಲಿಷ್ ಓದಬೇಕಿಲ್ಲ. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಎಕ್ಕ ದೊಡ್ಡದು; ಲೆಕ್ಕ ತಪ್ಪಿದವನ ಗತಿ ಮುಗಿಯಿತು. ಹಗಲು ಆಡಿದರೆ ರಾಮನ ಬಣ್ಣದ ರಾಜನನ್ನು ಹಿಡಿದವನು ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ಬಣ್ಣದ ರಾಜನನ್ನು ಹಿಡಿದವನು. ಈ ನಿಯಮಕ್ಕೆ ಯಾವ ಕಂಪನಿಯ ಕಾಪಿರೈಟೂ ಇಲ್ಲ, ಹೊತ್ತು ನೋಡಲು ಫೋನಿನಲ್ಲೇ ಗಡಿಯಾರವಿದೆ. ಯಾದಗಿರಿಯ ಎಂಜಿನಿಯರಿಂಗ್ ಹುಡುಗರು ಬೆಂಗಳೂರಿಗೆ ಹೋಗಿ ಬೇರೆಯವರ ಆಟಕ್ಕೆ ಕೋಡ್ ಬರೆಯುತ್ತಿದ್ದಾರೆ. ಗಂಜೀಫಾವನ್ನು ಫೋನಿಗೆ ಬರೆಯಲು ಕೂತರೆ ಅವರಿಗೆ ಮೊದಲು ಎದುರಾಗುವ ಪ್ರಶ್ನೆ ಚಿತ್ರದ್ದೂ ಅಲ್ಲ, ನಿಯಮದ್ದೂ ಅಲ್ಲ: ಪೊಟ್ಟಣ ಇಡಬೇಕೋ, 120 ಎಲೆಯನ್ನೂ ಮೊದಲ ದಿನವೇ ಕೈಗೆ ಕೊಟ್ಟುಬಿಡಬೇಕೋ.