ಶ್ರೀರಂಗಪಟ್ಟಣದ ಲಾಂದ್ರ, ಜಿಬ್ರಾಲ್ಟರಿನ ಬೆಳಕು

ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1842ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ‘ಶಾಂತಿ: ಕಡಲಿನಲ್ಲಿ ಅಂತ್ಯಕ್ರಿಯೆ’ ಚಿತ್ರವನ್ನು ನೆಪೋಲಿಯನ್ನನ ಗಡಿಪಾರಿನ ಚಿತ್ರದ ಜೊತೆಗಿಟ್ಟು ನೋಡುವುದು ವಾಡಿಕೆ. ಆ ಜೋಡಿ ಟರ್ನರನೇ ಮಾಡಿದ್ದು. ಆದರೆ ಇದನ್ನು ಶ್ರೀರಂಗಪಟ್ಟಣದ ಒಂದು ಚಿತ್ರದ ಪಕ್ಕದಲ್ಲಿಟ್ಟರೆ ಇದರ ಬೆಳಕು ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂಬುದು ನನ್ನ ವಾದ.

ಟರ್ನರ್ ಇಲ್ಲಿ ಶೋಕಿಸುತ್ತಿರುವುದು ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿಗಾಗಿ. ಪೂರ್ವ ದೇಶಗಳ ಪ್ರವಾಸ ಮುಗಿಸಿ ಮರಳುವಾಗ, 1841ರ ಜೂನ್ 1ರಂದು, ‘ಓರಿಯೆಂಟಲ್’ ಹಡಗಿನಲ್ಲಿ ವಿಲ್ಕಿ ತೀರಿಕೊಂಡ. ಶವವನ್ನು ದಡಕ್ಕಿಳಿಸಲು ಜಿಬ್ರಾಲ್ಟರಿನಲ್ಲಿ ಅನುಮತಿ ಸಿಗಲಿಲ್ಲ, ಕಡಲಿಗೇ ಒಪ್ಪಿಸಿದರು.

ಇದೇ ವಿಲ್ಕಿ ಅದಕ್ಕೆ ಎರಡು ವರ್ಷ ಮೊದಲು ಟಿಪ್ಪುವಿನ ಶವ ಪತ್ತೆಯಾದ ದೃಶ್ಯವನ್ನು ಪ್ರದರ್ಶಿಸಿದ್ದ. 11 ಅಡಿಗೂ ಎತ್ತರದ ಆ ಚಿತ್ರ ಬರೆಸಿದವಳು ಶ್ರೀರಂಗಪಟ್ಟಣದ ಮೇಲಿನ ದಾಳಿಯನ್ನು ಮುನ್ನಡೆಸಿದ ಜನರಲ್ ಡೇವಿಡ್ ಬೇರ್ಡನ ವಿಧವೆ; ಅಂದರೆ ಅದೂ ಶೋಕದ ಕೆಲಸವೇ. 1799ರ ಮೇ 4ರ ರಾತ್ರಿ. ಲಾಂದ್ರದ ಬೆಳಕು ಟಿಪ್ಪುವಿನ ದೇಹದ ಮೇಲಿದೆ, ಮೇಲುಗಡೆ ಬೇರ್ಡ್ ನಿಂತಿದ್ದಾನೆ. ಅವನ ಕಾಲಕೆಳಗೆ ಕಬ್ಬಿಣದ ಜಾಲರಿ: 1780ರಲ್ಲಿ ಸೆರೆಸಿಕ್ಕಿದ ಅವನು ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದುದರ ನೆನಪು. ಸತ್ತ ಅರಸನ ಮೇಲೆ ಬಿದ್ದ ಬೆಳಕು ಇಲ್ಲಿ ಗೆದ್ದವನ ಕೀರ್ತಿಗೆ ದುಡಿಯುತ್ತದೆ. ಚಿತ್ರದ ಕೌಶಲವನ್ನು ಮೆಚ್ಚಿಯೂ ನನಗೆ ಇದು ಒಪ್ಪಿಗೆಯಾಗುವುದಿಲ್ಲ.

ಟರ್ನರನ ಚಿತ್ರ ಮೂರಡಿಯನ್ನೂ ಮುಟ್ಟುವುದಿಲ್ಲ. ಹಡಗಿನ ನಡುವೆ ದೀಪ ಸೀಳಿದ ಬೆಳಕು, ನೀರಿನ ಮೇಲೆ ಅದರ ಪ್ರತಿಬಿಂಬ, ಸುತ್ತ ಕಪ್ಪು ಹಾಯಿ. ಹಾಯಿ ಅತಿಯಾಗಿ ಕಪ್ಪಾಯಿತೆಂದು ಚಿತ್ರಕಾರ ಸ್ಟ್ಯಾನ್‌ಫೀಲ್ಡ್ ಆಕ್ಷೇಪಿಸಿದಾಗ, ಇನ್ನೂ ಕಪ್ಪಾದ ಬಣ್ಣ ಸಿಕ್ಕಿದ್ದರೆ ಅದನ್ನೇ ಬಳಿಯುತ್ತಿದ್ದೆ ಎಂಬರ್ಥದಲ್ಲಿ ಟರ್ನರ್ ಉತ್ತರಿಸಿದನಂತೆ. ಆ ಉತ್ತರದಲ್ಲಿ ಹಟಕ್ಕಿಂತ ದುಃಖವೇ ನನಗೆ ಕೇಳಿಸುತ್ತದೆ. ಗೆಳೆಯನ ಮುಖವನ್ನು ಅವನು ತೋರಿಸುವುದಿಲ್ಲ. ದೀಪ ಇರುವ ಕಡೆಯೇ ಕಣ್ಣಿಗೆ ಏನೂ ಸ್ಪಷ್ಟವಾಗದು.

ರಾಣೆಬೆನ್ನೂರು, ಹಾನಗಲ್ಲಿನ ಕಡೆ ವೀರಗಲ್ಲು ನೋಡುತ್ತ ಬೆಳೆದವರಿಗೆ ಈ ವ್ಯತ್ಯಾಸ ಬೇಗ ಹೊಳೆದೀತು. ಕಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ತುದಿಗೆ ಸೂರ್ಯಚಂದ್ರರು. ವಿಲ್ಕಿಯ ಬೃಹತ್ ಚಿತ್ರ ಕೆಳಪಟ್ಟಿಯಲ್ಲೇ ನಿಂತಿದೆ. ಟರ್ನರನದು ನಡುಪಟ್ಟಿ: ಸತ್ತವನು ಹೊರಟಿದ್ದಾನೆ, ಇನ್ನೂ ತಲುಪಿಲ್ಲ.

ಭಾರತವನ್ನು ಕಾಣದ ಟರ್ನರ್ ಕೂಡ ಸುಮಾರು 1800ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದಿದ್ದ. ಅದೂ, ‘ಶಾಂತಿ’ಯೂ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿವೆ. ಕನ್ನಡದ ಕಲಾವಿಮರ್ಶೆ ಇವೆರಡನ್ನೂ ವಿಲ್ಕಿಯ ಚಿತ್ರದೊಂದಿಗೆ ಕೂಡಿಸಿ ಓದಬೇಕು.