ಊರಿನ ಹರಕೆ, ಊರಿನ ನಾಟಕ



ವಿಭೂತಿ ಬುಧವಾರ ಕಳೆದು ಒಂದೆರಡು ವಾರಗಳಾಗುವಷ್ಟರಲ್ಲಿ ನಮ್ಮ ಅನೇಕ ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಸಂಜೆ ಹೊತ್ತು ದೀಪ ಉರಿಯತೊಡಗುತ್ತದೆ. ಶುಭ ಶುಕ್ರವಾರ ಆಡಬೇಕಾದ ಯೇಸುಸ್ವಾಮಿಯ ಪಾಡುಗಳ ನಾಟಕಕ್ಕೆ ತಾಲೀಮು ಶುರುವಾಗಿರುತ್ತದೆ. ಕೆಲಸ ಮುಗಿಸಿ ಬಂದ ಯುವಕರು ರೋಮನ್ ಸೈನಿಕರಾಗುತ್ತಾರೆ. ತಾಯಂದಿರು ಹಳೆಯ ಸೀರೆ ಕತ್ತರಿಸಿ ಶಿಷ್ಯರಿಗೆ ನಿಲುವಂಗಿ ಹೊಲಿಯುತ್ತಾರೆ. ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿದರೆ ಸೈನಿಕನ ಶಿರಸ್ತ್ರಾಣ ಸಿದ್ಧ. ಮಕ್ಕಳೆಲ್ಲ ಜೆರುಸಲೇಮಿನ ಜನಸಮೂಹ.

ಪಾತ್ರ ಹಂಚುವ ದಿನ ಮಾತ್ರ ಒಂದು ತೊಡಕು ತಪ್ಪದು. ಯೂದನ ಪಾತ್ರಕ್ಕೆ ಯಾರೂ ಮುಂದೆ ಬರುವುದಿಲ್ಲ. "ಫಾದರ್, ನನ್ನ ಮಗನಿಗೆ ಅದೊಂದು ಬೇಡ, ಆಮೇಲೆ ಊರೆಲ್ಲ ಅವನನ್ನ ಅದೇ ಹೆಸರಲ್ಲಿ ಕರೀತಾರೆ" ಎಂದು ತಾಯಂದಿರು ಗುರುಮನೆಗೇ ಬಂದು ಹೇಳಿಹೋಗುವುದುಂಟು. ಅದರ ಹಿಂದೆಯೇ ಹಿರಿಯರ ಪ್ರಶ್ನೆ: "ಯೇಸುಸ್ವಾಮಿಯ ಸಿನಿಮಾ ಟೀವಿಯಲ್ಲೇ ಬರುತ್ತೆ. ಇಷ್ಟು ಖರ್ಚು, ಇಷ್ಟು ಓಡಾಟ ನಮಗ್ಯಾಕೆ ಫಾದರ್?"

ಈ ಎರಡೂ ಮಾತುಗಳಿಗೆ ಉತ್ತರ ಹುಡುಕುವಾಗ ನಮಗೆ ಜರ್ಮನಿ ದೇಶದ ಒಂದು ಹಳ್ಳಿಯ ಚರಿತ್ರೆ ನೆನಪಾಗುತ್ತದೆ. ಆ ಹಳ್ಳಿಯ ಹೆಸರು ಓಬರಾಮರ್‌ಗೌ.

ಬಲಿಪೀಠದ ಬಳಿ ಹುಟ್ಟಿದ ನಾಟಕ

ಆ ಹಳ್ಳಿಗೆ ಹೋಗುವ ಮುನ್ನ ಒಂದು ವಿಷಯ ತಿಳಿದಿರಲಿ. ನಾಟಕವೆಂಬುದು ದೇವಾಲಯಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ. ಹತ್ತನೆಯ ಶತಮಾನದಲ್ಲಿ ಯೂರೋಪಿನ ಮಠಗಳಲ್ಲಿ ಪಾಸ್ಕ ಹಬ್ಬದ ಆರಾಧನೆಯ ನಡುವೆ ಒಂದು ಪುಟ್ಟ ಸಂವಾದವನ್ನು ಹಾಡುತ್ತಿದ್ದರು. ಸಮಾಧಿಯ ಬಳಿ ದೇವದೂತ ಕೇಳುವ ಪ್ರಶ್ನೆ, ಅದಕ್ಕೆ ಸುಗಂಧ ತೈಲ ಹೊತ್ತು ಬಂದ ಸ್ತ್ರೀಯರ ಉತ್ತರ, ಇಷ್ಟೇ. ಆ ನಾಲ್ಕು ಮಾತುಗಳ ಬೀಜದಿಂದ ಮಧ್ಯಯುಗದ ಭಕ್ತಿನಾಟಕಗಳು ಬೆಳೆದವು. ಓದುಬರಹ ತಿಳಿಯದ ರೈತ, ಕಮ್ಮಾರ, ಬಡಗಿ ಎಲ್ಲರೂ ಶುಭಸಂದೇಶವನ್ನು ಕಣ್ಣಾರೆ ಕಂಡರು.

1633ರ ಹರಕೆ

ಓಬರಾಮರ್‌ಗೌ ಇರುವುದು ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ. ಮರದ ಕೆತ್ತನೆ ಆ ಊರಿನವರ ಹಳೆಯ ಕಸುಬು. 1618ರಿಂದ 1648ರವರೆಗೆ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಸೈನ್ಯಗಳ ಜೊತೆಯಲ್ಲಿ ಪ್ಲೇಗ್ ಮಾರಿಯೂ ಊರೂರು ಸುತ್ತಿತು. ಓಬರಾಮರ್‌ಗೌ ಜನ ಊರ ಬಾಗಿಲಿಗೆ ಕಾವಲು ಹಾಕಿ, ಹೊರಗಿನವರು ಬಾರದಂತೆ ನೋಡಿಕೊಂಡರು. ಆದರೆ ನೆರೆಯೂರಿನಲ್ಲಿ ದುಡಿಯುತ್ತಿದ್ದ ಕಾಸ್ಪರ್ ಷಿಸ್ಲರ್ ಎಂಬವನು ತನ್ನ ಊರ ದೇವಾಲಯದ ಹಬ್ಬಕ್ಕೆ ಹೆಂಡತಿ ಮಕ್ಕಳ ಜೊತೆಯಲ್ಲಿರಬೇಕೆಂದು ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ಬಂದನೆಂದೂ, ಅವನ ಜೊತೆ ರೋಗವೂ ಬಂದಿತೆಂದೂ ಊರಿನ ಹಿರಿಯರ ಕಥನ ಹೇಳುತ್ತದೆ. ಹಬ್ಬಕ್ಕೆ ಮನೆ ಸೇರಬೇಕೆಂಬ ಹಂಬಲ ಯಾರಿಗಿಲ್ಲ? ದೂರದ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು ನೆನೆದರೆ ಆ ಬಡಪಾಯಿಯನ್ನು ದೂಷಿಸಲು ಮನಸ್ಸು ಬಾರದು.

80ಕ್ಕೂ ಹೆಚ್ಚು ಮಂದಿ ಸತ್ತರು. 1633ರಲ್ಲಿ ಉಳಿದವರು ಶಿಲುಬೆಯ ಮುಂದೆ ನಿಂತು ಹರಕೆ ಹೊತ್ತರು: ಈ ಮಾರಿಯಿಂದ ನಮ್ಮನ್ನು ಕಾಪಾಡಿದರೆ ಹತ್ತು ವರ್ಷಗಳಿಗೊಮ್ಮೆ ಪ್ರಭುವಿನ ಪಾಡು, ಮರಣ, ಪುನರುತ್ಥಾನಗಳ ನಾಟಕ ಆಡುತ್ತೇವೆ. ಆನಂತರ ಪ್ಲೇಗಿಗೆ ಯಾರೂ ಬಲಿಯಾಗಲಿಲ್ಲ ಎಂಬುದು ಊರಿನವರ ನಂಬಿಕೆ. ಮರುವರ್ಷ, ಅಂದರೆ 1634ರ ಪಂಚಾಶತ್ತಮ ಹಬ್ಬದಂದು, ದೇವಾಲಯದ ಪಕ್ಕದ ಸಮಾಧಿಗಳ ನೆಲದಲ್ಲಿಯೇ ಅಟ್ಟ ಕಟ್ಟಿ ಮೊದಲ ನಾಟಕ ಆಡಿದರು. ತಮ್ಮವರನ್ನು ಮಣ್ಣು ಮಾಡಿದ ಜಾಗದಲ್ಲಿ ನಿಂತು ಅವರು ಪುನರುತ್ಥಾನವನ್ನು ಅಭಿನಯಿಸಿದರು. ವಿಶ್ವಾಸವೆಂದರೆ ಇದಲ್ಲವೇ?

ಆಟವಲ್ಲ, ಊರಿನ ಕೆಲಸ

1680ರಿಂದ ಈ ನಾಟಕವನ್ನು ಪ್ರತಿ ದಶಕದ ಆರಂಭದ ವರ್ಷಕ್ಕೆ ನಿಗದಿ ಮಾಡಲಾಯಿತು. ಹಾದಿ ಸುಗಮವಾಗಿರಲಿಲ್ಲ. 1770ರಲ್ಲಿ ಬವೇರಿಯಾದ ಸರಕಾರ, ಧರ್ಮದ ಮಹಾ ರಹಸ್ಯಕ್ಕೆ ರಂಗಮಂಟಪ ತಕ್ಕ ಜಾಗವಲ್ಲವೆಂದು ಭಕ್ತಿನಾಟಕಗಳನ್ನೇ ನಿಷೇಧಿಸಿತು. ಹಳ್ಳಿಗರು ಬಿಡದೆ ಮನವಿ ಸಲ್ಲಿಸಿ ಮತ್ತೆ ಅನುಮತಿ ಪಡೆದರು. 1811ರಲ್ಲಿ ಎಟ್ಟಾಲ್ ಮಠದ ಬೆನೆಡಿಕ್ಟೈನ್ ಗುರು ಓಥ್ಮಾರ್ ವೈಸ್ ಹೊಸ ಪಠ್ಯ ಬರೆದುಕೊಟ್ಟರೆ, ಊರಿನ ಶಾಲಾ ಮಾಸ್ತರ ರೋಖುಸ್ ಡೆಡ್ಲರ್ ಸಂಗೀತ ಹೆಣೆದರು. ಮುಂದೆ ಆ ಪಠ್ಯವನ್ನು ತಿದ್ದಿ ಬೆಳೆಸಿದವರು ಆ ಊರಿನಲ್ಲಿಯೇ ಧರ್ಮಕೇಂದ್ರದ ಗುರುಗಳಾಗಿದ್ದ ಡೈಸೆನ್‌ಬರ್ಗರ್. ಹೀಗೆ ಗುರು, ಮಾಸ್ತರ, ಮರಗೆತ್ತನೆಯವರು ಎಲ್ಲರೂ ಕೈ ಹಾಕಿ ಕಟ್ಟಿದ ನಾಟಕವಿದು.

ಇಂದಿಗೂ ಹಾಗೆಯೇ. ಸುಮಾರು 5,000 ಜನರ ಊರಿನಲ್ಲಿ 2,000ದಷ್ಟು ಮಂದಿ ನಾಟಕದಲ್ಲಿ ಪಾಲುಗೊಳ್ಳುತ್ತಾರೆ. ಹೊರಗಿನಿಂದ ಹೆಸರಾಂತ ನಟರನ್ನು ಕರೆಸುವುದಿಲ್ಲ. ನಾಟಕಕ್ಕೆ ಮುಂಚಿನ ವರ್ಷದ ವಿಭೂತಿ ಬುಧವಾರದಿಂದ ಕೂದಲು ಗಡ್ಡ ಕತ್ತರಿಸಬಾರದೆಂಬ ಪ್ರಕಟಣೆ ಹೊರಡುತ್ತದೆ. ಅಂದಿನಿಂದ ಅಂಚೆಯವನೂ ಅಂಗಡಿಯವನೂ ಬೈಬಲ್ ಕಾಲದವರಂತೆ ಕಾಣತೊಡಗುತ್ತಾರೆ. ಸುಮಾರು ಐದು ಗಂಟೆಗಳ ಈ ನಾಟಕದಲ್ಲಿ ಅಜ್ಜ ಕಾಯಫನಾದರೆ ಮೊಮ್ಮಗಳು ಗರಿ ಹಿಡಿದು ಹೊಸಾನ್ನ ಹಾಡುತ್ತಾಳೆ. ಟೀವಿಯ ಮುಂದೆ ನಾವು ಪ್ರೇಕ್ಷಕರು ಮಾತ್ರ. ಊರ ನಾಟಕದಲ್ಲಿ ಕಥೆಯೊಳಗೇ ನಮಗೊಂದು ಜಾಗವಿದೆ.

ಹರಕೆಯೊಳಗೆ ಸೇರಿದ್ದ ವಿಷ

ಆದರೆ ಬಾಂಧವರೇ, ಚರಿತ್ರೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ನೂರಾರು ವರ್ಷ ಈ ನಾಟಕ, ಯೂರೋಪಿನ ಇತರ ಇಂಥ ನಾಟಕಗಳಂತೆಯೇ, ಯೆಹೂದ್ಯ ಜನಾಂಗವನ್ನೆಲ್ಲ ಪ್ರಭುವಿನ ಕೊಲೆಗಾರರೆಂಬಂತೆ ತೋರಿಸಿತು. ಯಾಜಕರ ತಲೆಗೆ ಕೊಂಬಿನಾಕಾರದ ಟೋಪಿ, ಯೂದನಿಗೆ ಹಳದಿ ನಿಲುವಂಗಿ. ಯೇಸುಸ್ವಾಮಿಯೂ ಮಾತೆ ಮರಿಯಮ್ಮನವರೂ ಹನ್ನೆರಡು ಮಂದಿ ಪ್ರೇಷಿತರೂ ಯೆಹೂದ್ಯರೇ ಎಂಬುದನ್ನು ನೋಡುವವರು ಮರೆತರು. 1934ರಲ್ಲಿ ನಾಟಕದ 300ನೆಯ ವರ್ಷದ ವಿಶೇಷ ಪ್ರದರ್ಶನಕ್ಕೆ ಬಂದವರಲ್ಲಿ ಹಿಟ್ಲರನೂ ಒಬ್ಬ. ಅವನು ಮುಂದೆ ಈ ನಾಟಕವನ್ನು ಹೊಗಳಿದ್ದು ಭಕ್ತಿಯಿಂದಲ್ಲ. ತನ್ನ ದ್ವೇಷಕ್ಕೆ ಅದು ಒದಗುತ್ತದೆಂದು. ಅವನ ಆಳ್ವಿಕೆಯಲ್ಲಿ 60 ಲಕ್ಷ ಯೆಹೂದ್ಯರು ಕೊಲೆಯಾದರು.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಪ್ರಭುವಿನ ಪಾಡುಗಳ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲೀ ಇಂದಿನ ಯೆಹೂದ್ಯರ ಮೇಲಾಗಲೀ ಹೊರಿಸಬಾರದೆಂದು ಸ್ಪಷ್ಟವಾಗಿ ಬೋಧಿಸಿತು. ಹಳ್ಳಿಯವರು ತಕ್ಷಣ ಬದಲಾಗಲಿಲ್ಲ. ಹಳೆಯ ಪಠ್ಯವೇ ಮುಂದುವರಿದ ಕಾರಣ 1970ರ ಪ್ರದರ್ಶನಕ್ಕೆ ಧರ್ಮಸಭೆಯ ಅಧಿಕೃತ ಮನ್ನಣೆ ಸಿಗಲಿಲ್ಲ. 1990ರಲ್ಲಿ ಊರಿನವರೇ ಆದ ಕ್ರಿಸ್ಟಿಯಾನ್ ಸ್ಟುಕ್ಲ್ ಎಂಬ ತರುಣ ನಿರ್ದೇಶಕರಾದರು. ಅವರೂ ಅವರ ಸಂಗಡಿಗರೂ ಯೆಹೂದಿ ವಿದ್ವಾಂಸರ ಮಾತಿಗೆ ಕಿವಿಗೊಟ್ಟು, ಪ್ರತಿ ದಶಕದಲ್ಲೂ ಪಠ್ಯವನ್ನು ತಿದ್ದಿದರು. ಈಗ ರಂಗದ ಮೇಲೆ ಯೇಸುವನ್ನು ಶಿಷ್ಯರು 'ರಬ್ಬಿ' ಎಂದು ಕರೆಯುತ್ತಾರೆ. ಹೀಬ್ರೂ ಭಾಷೆಯ ಪ್ರಾರ್ಥನೆ ಕೇಳಿಬರುತ್ತದೆ.

ಬಾಗಿಲೂ ತೆರೆಯಿತು. ಮದುವೆಯಾದ ಅಥವಾ 35 ವರ್ಷ ದಾಟಿದ ಸ್ತ್ರೀಯರಿಗೆ ಪಾತ್ರವಿಲ್ಲವೆಂಬ ಹಳೆಯ ಕಟ್ಟಳೆ 1990ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಬಿದ್ದುಹೋಯಿತು. ಊರಿನಲ್ಲಿ ಹುಟ್ಟಿರಬೇಕು ಇಲ್ಲವೇ 20 ವರ್ಷ ನೆಲೆಸಿರಬೇಕೆಂಬ ನಿಯಮ ಇದ್ದರೂ, ಕ್ಯಾಥೊಲಿಕರಲ್ಲದವರಿಗೂ ಅವಕಾಶ ದೊರೆಯಿತು. 2020ರ ನಾಟಕ ಕೊರೊನಾ ಪಿಡುಗಿನಿಂದಾಗಿ 2022ಕ್ಕೆ ಮುಂದೂಡಲ್ಪಟ್ಟಿತು. ಪಿಡುಗಿನಲ್ಲಿ ಹುಟ್ಟಿದ ಹರಕೆ ಇನ್ನೊಂದು ಪಿಡುಗಿಗಾಗಿ ಕಾಯಬೇಕಾಯಿತು. ಆ ವರ್ಷ ಯೂದನ ಪಾತ್ರ ವಹಿಸಿದ ಇಬ್ಬರಲ್ಲಿ ಒಬ್ಬನು ತುರ್ಕಿ ಮೂಲದ ಮುಸ್ಲಿಂ ಕುಟುಂಬದ ಯುವಕ. ನಮ್ಮ ನಾಡಿನವರಿಗೆ ಇದು ಅಚ್ಚರಿಯಾಗಬಾರದು. ಪ್ರಭುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಖಂಡಕಾವ್ಯವನ್ನು ಕನ್ನಡಕ್ಕೆ ಕೊಟ್ಟವರು ಕ್ರೈಸ್ತರಲ್ಲದ ಮಂಜೇಶ್ವರ ಗೋವಿಂದ ಪೈಯವರೇ ತಾನೆ?

ನಮಗೊಂದು ಕನ್ನಡಿ

ಈ ಚರಿತ್ರೆಯನ್ನು ಓದಿದಾಗ ನಮಗೆ ನಮ್ಮದೇ ಎರಡು ತಪ್ಪುಗಳು ನೆನಪಾದವು. ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಆಡಿಸಿದ ನಾಟಕದಲ್ಲಿ ಕಾಯಫನಿಗೆ ಮೇಣದ ದೊಡ್ಡ ಕೊಕ್ಕೆ ಮೂಗು ಅಂಟಿಸಿದ್ದೆವು. ಮಕ್ಕಳು ನಕ್ಕರು, ನಾವೂ ನಕ್ಕೆವು. ಆ ಮೂಗು ಯಾವ ದ್ವೇಷದ ಅಂಗಡಿಯಿಂದ ಬಂದ ಸರಕೆಂದು ಆಗ ಯೋಚಿಸಲಿಲ್ಲ. ಅದೇ ವರ್ಷ ಕೂಲಿಗಾಗಿ ಹೊಸದಾಗಿ ಬಂದಿದ್ದ ಒಂದು ಕುಟುಂಬದ ಹುಡುಗಿ ವೆರೋನಿಕಾಳ ಪಾತ್ರ ಕೇಳಿದಳು. "ಊರಿನವರಿಗೇ ಪಾತ್ರ ಸಾಲದು, ಮುಂದಿನ ವರ್ಷ ನೋಡೋಣ" ಎಂದು ಸಮಿತಿಯವರು ಹೇಳಿದಾಗ ನಾವು ಸುಮ್ಮನಿದ್ದೆವು. ಮುಂದಿನ ವರ್ಷಕ್ಕೆ ಆ ಕುಟುಂಬ ಬೇರೆಡೆಗೆ ಹೋಗಿಯಾಗಿತ್ತು. ಪ್ರಭುವಿನ ಮುಖ ಒರೆಸಲು ಬಂದವಳನ್ನು ನಾವೇ ವಾಪಸು ಕಳಿಸಿದಂತಾಯಿತು.

ಆದುದರಿಂದ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರವಿಷ್ಟೇ. ಊರ ನಾಟಕ ಬೇಕು. ಖರ್ಚು ಕಡಿಮೆ ಮಾಡೋಣ, ಧ್ವನಿವರ್ಧಕದ ಅಬ್ಬರ ತಗ್ಗಿಸೋಣ, ಆದರೆ ಕೂಡಿ ಆಡುವುದನ್ನು ಬಿಡದಿರೋಣ. ಹರಕೆಯನ್ನು ತೀರಿಸುವುದೆಂದರೆ ಹಳೆಯದನ್ನು ಹಾಗೆಯೇ ಒಪ್ಪಿಸುವುದಲ್ಲ. ಅದರಿಂದ ಯಾರಿಗೆ ನೋವಾಯಿತು, ಯಾರು ಹೊರಗುಳಿದರು ಎಂದು ಕೇಳಿ ತಿದ್ದಿಕೊಳ್ಳುವುದೂ ಹರಕೆಯ ಭಾಗವೇ.

ಇನ್ನು ಮಗನಿಗೆ ಯೂದನ ಪಾತ್ರ ಬೇಡವೆನ್ನುವ ತಾಯಂದಿರಿಗೆ ಒಂದು ಮಾತು. ಗರಿಗಳ ಭಾನುವಾರವೂ ಶುಭ ಶುಕ್ರವಾರವೂ ಪಾಡುಗಳ ಚರಿತ್ರೆಯನ್ನು ದೇವಾಲಯದಲ್ಲಿ ಪಾತ್ರ ಹಂಚಿ ಓದುವಾಗ ಪ್ರಭುವಿನ ಮಾತು ಗುರುಗಳಿಗೆ. ಜನಸಮೂಹದ ಮಾತು ಯಾರಿಗೆ? ನಮಗೆ, ನಿಮಗೆ. "ಅವನನ್ನು ಶಿಲುಬೆಗೇರಿಸು" ಎಂದು ನಾವೇ ಕೂಗುತ್ತೇವೆ. ಪ್ರಭುವನ್ನು ಶಿಲುಬೆಗೇರಿಸಿದ್ದು ನಮ್ಮ ಪಾಪಗಳೇ ಎಂಬ ಧರ್ಮಸಭೆಯ ಬೋಧನೆಗೆ ಇದಕ್ಕಿಂತ ಸರಳವಾದ ಪಾಠ ಬೇಕೆ? ಹಾಗಿರುವಾಗ ಯೂದನ ಪಾತ್ರ ಯಾರೋ ಒಬ್ಬ ಹುಡುಗನ ತಲೆಗೆ ಕಟ್ಟುವ ಕಳಂಕವಲ್ಲ. ಅವನು ನಮ್ಮೆಲ್ಲರ ಪರವಾಗಿ ಆ ಮೂವತ್ತು ನಾಣ್ಯಗಳನ್ನು ಹಿಡಿದು ನಿಲ್ಲುತ್ತಾನೆ. ನಾಟಕ ಮುಗಿದ ಮೇಲೆ ಮೊದಲು ಅವನ ಬೆನ್ನು ತಟ್ಟಿ, ಮನೆಗೆ ಕರೆದು ಊಟ ಹಾಕಿರಿ.

ಓಬರಾಮರ್‌ಗೌ ಜನರು ಈಗ 2030ರ ನಾಟಕವನ್ನು ಎದುರು ನೋಡುತ್ತಿದ್ದಾರೆ. ನಮ್ಮ ತಾಲೀಮು ಮುಂದಿನ ತಪಸ್ಸುಕಾಲಕ್ಕೆ ಶುರುವಾಗಲಿದೆ. ಪಾತ್ರ ಹಂಚುವ ದಿನ ಬಾಗಿಲ ಬಳಿ ಹಿಂಜರಿದು ನಿಂತ ಮಗು ಇದ್ದರೆ ಮೊದಲು ಅದನ್ನು ಒಳಗೆ ಕರೆಯೋಣ. ಪಂಚಾಶತ್ತಮ ಹಬ್ಬದಂದು ಎಲ್ಲ ನಾಡಿನವರನ್ನೂ ಒಂದೇ ಜನವಾಗಿ ಕೂಡಿಸಿದ ಪವಿತ್ರಾತ್ಮರು ನಮ್ಮ ಪುಟ್ಟ ಸಭಾಂಗಣಗಳಲ್ಲಿಯೂ ಅದೇ ಕಾರ್ಯವನ್ನು ಮಾಡಲಿ. ಆಮೆನ್.