ಪಂಕ್ತಿಯಿಂದ ವೇದಿಕೆಗೆ: ಹೊನ್ನಾವರ–ಭಟ್ಕಳ ಕರಾವಳಿಯಲ್ಲಿ ಅತಿಥಿ ಮತ್ತು ಅಡುಗೆಯವರ ಮನ್ನಣೆ

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಸೇರಿದ ಉತ್ತರ ಕನ್ನಡದ ದಕ್ಷಿಣ ಕರಾವಳಿಯಲ್ಲಿ ಊಟವು ಬಹು ಹಿಂದಿನಿಂದಲೂ ಗೌರವ ಸಲ್ಲಿಸುವ ಒಂದು ಸಾರ್ವಜನಿಕ ಕ್ರಮವಾಗಿದ್ದು, ಆ ಗೌರವವು ಶತಮಾನಗಳ ಕಾಲ ಉಣ್ಣಲು ಬಂದವರಿಗೆ ಸಲ್ಲುತ್ತಿತ್ತೇ ಹೊರತು ಅಡುಗೆ ಮಾಡಿದವರಿಗೆ ಅಷ್ಟಾಗಿ ಸಲ್ಲುತ್ತಿರಲಿಲ್ಲ. ಅಡುಗೆ ಮಾಡಿದವರನ್ನು ವೇದಿಕೆಗೆ ಕರೆದು, ಅತಿಥಿಗಳನ್ನು ಸಭೆಯಲ್ಲಿ ಕೂರಿಸಿ, ಬಹುಮಾನ ನೀಡುವ ಇಂದಿನ ಪಾಕ ಪ್ರಶಸ್ತಿ ಸಮಾರಂಭವು ಈ ಹಳೆಯ ಕ್ರಮವನ್ನು ತಿರುವುಮುರುವು ಮಾಡಿದೆ. ಈ ಬದಲಾವಣೆಯ ಮಹತ್ವವನ್ನು ಅರಿಯಲು ಈ ತೀರದಲ್ಲಿ ಅತಿಥಿಗಳು ಹೇಗೆ ಉಂಡರು, ಅದರ ದಾಖಲೆಯನ್ನು ಯಾರು ಬರೆದಿಟ್ಟರು ಎಂಬುದನ್ನು ನೋಡಬೇಕಾಗುತ್ತದೆ.

ಈ ಕರಾವಳಿಯ ಊಟದ ಅತ್ಯಂತ ವಿವರವಾದ ಹಳೆಯ ವರ್ಣನೆಗಳಲ್ಲೊಂದು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾನದು. 1342ರ ಸುಮಾರಿಗೆ ಅವನು ಹೊನ್ನಾವರಕ್ಕೆ ಬಂದಾಗ ಅಲ್ಲಿ ಜಮಾಲುದ್ದೀನನೆಂಬ ಸುಲ್ತಾನನು ವಿಜಯನಗರದ ಹರಿಹರನ ಅಧೀನನಾಗಿ ಆಳುತ್ತಿದ್ದನು. ಸುಲ್ತಾನನ ಊಟದ ಪಂಕ್ತಿಯಲ್ಲಿ ತಾಮ್ರದ ಮೇಜಿನ ಮೇಲೆ ತಾಲಂ ಎಂದು ಕರೆಯುವ ತಾಮ್ರದ ತಟ್ಟೆಯನ್ನಿಡುತ್ತಿದ್ದರು. ರೇಷ್ಮೆಯುಟ್ಟ ಪರಿಚಾರಿಕೆಯೊಬ್ಬಳು ದೊಡ್ಡ ತಾಮ್ರದ ಸೌಟಿನಿಂದ ಅನ್ನ ಬಡಿಸಿ, ಮೇಲೆ ತುಪ್ಪ ಸುರಿದು, ಬದಿಗೆ ಉಪ್ಪಿನಲ್ಲಿ ನೆನೆದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿಗಳನ್ನಿಡುತ್ತಿದ್ದಳು. ಆ ಅನ್ನ ಮುಗಿದ ಮೇಲೆ ಮತ್ತೊಂದು ಸೌಟು ಅನ್ನ ಹಾಗೂ ಕೋಳಿಯ ಬಗೆಗಳು, ಅನಂತರ ಮೀನಿನ ಬಗೆಗಳು, ಅದಾದ ಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ ಮತ್ತು ಹಾಲಿನ ಪದಾರ್ಥಗಳು ಬರುತ್ತಿದ್ದವು. ಕೊನೆಗೆ ಮೊಸರು ಬಂದಿತೆಂದರೆ ಊಟ ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತಿತ್ತು. ತಣ್ಣೀರು ಮಳೆಗಾಲದಲ್ಲಿ ಒಗ್ಗದೆಂಬ ಕಾರಣದಿಂದ ಊಟದ ಮೇಲೆ ಬಿಸಿನೀರು ಕುಡಿಯುತ್ತಿದ್ದರೆಂದೂ, ಮತ್ತೊಮ್ಮೆ ಹನ್ನೊಂದು ತಿಂಗಳು ಈ ಸುಲ್ತಾನನ ಬಳಿ ಇದ್ದಾಗ ಅನ್ನವೇ ಆಹಾರವಾಗಿದ್ದು ರೊಟ್ಟಿಯನ್ನು ತಿನ್ನಲೇ ಇಲ್ಲವೆಂದೂ ಅವನು ಹೇಳುತ್ತಾನೆ.

ಈ ವರ್ಣನೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು ಬಡಿಸುವ ಕ್ರಮ: ಅನ್ನ, ತುಪ್ಪ ಮತ್ತು ಉಪ್ಪಿನಕಾಯಿಯಿಂದ ಆರಂಭವಾಗಿ ಮೊಸರಿನಲ್ಲಿ ಮುಗಿಯುವ ಆ ಸರಣಿಯು, ಇಂದಿಗೂ ಈ ಭಾಗದ ಮದುವೆ ಮತ್ತು ದೇವಕಾರ್ಯಗಳ ಬಾಳೆಲೆಯ ಊಟದಲ್ಲಿ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬಿದ್ದು, ಅನ್ನದ ಮೇಲೆ ತುಪ್ಪ ಬಿದ್ದು, ಸಾರು, ಹುಳಿ, ಪಾಯಸಗಳು ಸಾಲಾಗಿ ಬಂದು, ಮಜ್ಜಿಗೆಯೊಂದಿಗೆ ಪಂಕ್ತಿ ಏಳುವ ರೀತಿಗೆ ಹತ್ತಿರವಾಗಿದೆ. ಎರಡನೆಯದು ಖಾರದ ಮೂಲ: ಮೆಣಸಿನಕಾಯಿಯು ಅಮೆರಿಕ ಖಂಡದಿಂದ ಭಾರತಕ್ಕೆ ಬಂದದ್ದು ಪೋರ್ಚುಗೀಸರ ಆಗಮನದ ನಂತರವಾದ್ದರಿಂದ, 14ನೆಯ ಶತಮಾನದ ಹೊನ್ನಾವರದ ಊಟಕ್ಕೆ ಖಾರ ಬರುತ್ತಿದ್ದುದು ಕಾಳುಮೆಣಸು ಮತ್ತು ಶುಂಠಿಯಿಂದ. ಸುಲ್ತಾನನ ತಟ್ಟೆಯ ಬದಿಗೆ ಬೀಳುತ್ತಿದ್ದ ಆ ಕಾಳುಮೆಣಸೇ ಮುಂದೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರಿಂದ ಮೆಣಸಿನ ರಾಣಿ ಎಂಬ ಹೆಸರನ್ನು ತಂದುಕೊಟ್ಟಿತು.

ಅತಿಥಿಯ ಯೋಗ್ಯತೆಗೆ ತಕ್ಕಂತೆ ಆಹಾರವನ್ನು ಅಳೆದು ಕೊಡುವ ಪದ್ಧತಿಯು ವಿಜಯನಗರದ ಆಸ್ಥಾನದಲ್ಲಿ ಇನ್ನಷ್ಟು ಸ್ಪಷ್ಟವಾಗಿತ್ತು. 1443ರಲ್ಲಿ ಅಲ್ಲಿಗೆ ಬಂದು, ಹಿಂದಿರುಗುವಾಗ ಹೊನ್ನಾವರದಲ್ಲಿ ಹಡಗು ಹತ್ತಿದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ತನಗೆ ಪ್ರತಿದಿನ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಹಾಗೂ ಎರಡು ವರಾಹ ಸಲ್ಲುತ್ತಿದ್ದವೆಂದು ಬರೆದಿದ್ದಾನೆ. ಅರಸನು ಅವನಿಗೆ ಕರ್ಪೂರದೊಂದಿಗೆ ವೀಳ್ಯವನ್ನು ಕೊಟ್ಟು ಬೀಳ್ಕೊಡುತ್ತಿದ್ದನು. ವೀಳ್ಯ ಕೊಡುವುದನ್ನು ಈ ಜನರು ಚಿನ್ನ ಬೆಳ್ಳಿ ಕೊಡುವುದಕ್ಕಿಂತ ದೊಡ್ಡ ಮರ್ಯಾದೆಯೆಂದು ಭಾವಿಸುತ್ತಾರೆಂದು ಇಬ್ನ್ ಬತೂತಾನೂ ಹೇಳಿದ್ದನು. ಇಂಥ ಔದಾರ್ಯಕ್ಕೆ ಬೇಕಾದ ಸರಕು ಈ ರೇವುಗಳ ಹಿನ್ನಾಡಿನಲ್ಲಿ ಸಮೃದ್ಧವಾಗಿದ್ದು, ಹೊರ್ಮುಜಿನಿಂದ ಕುದುರೆಗಳನ್ನು ತರುತ್ತಿದ್ದ ಹಡಗುಗಳು ಭಟ್ಕಳದಿಂದ ಅಕ್ಕಿ ಮತ್ತು ಸಕ್ಕರೆಯನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೊಸಾ ದಾಖಲಿಸಿದ್ದಾನೆ.

ಅಡುಗೆಮನೆಯ ಅಧಿಕಾರಕ್ಕೆ ಕನ್ನಡ ನಾಡಿನಲ್ಲಿ ಮನ್ನಣೆ ಇರಲಿಲ್ಲವೆಂದಲ್ಲ. ಅರಮನೆಯ ಅಡುಗೆಮನೆಯ ಮೇಲ್ವಿಚಾರಕನನ್ನು ಶಾಸನಗಳು ಬಾಣಸವೆರ್ಗಡೆ ಎಂದು ಕರೆಯುತ್ತವೆ. ಬಾಣಸವೆಂದರೆ ಅಡುಗೆಮನೆ, ವೆರ್ಗಡೆಯೆಂದರೆ ಹೆಗ್ಗಡೆ. ಅರಸನ ಅನ್ನಕ್ಕೆ ವಿಷ ಬೀಳದಂತೆ ಕಾಯುವುದು ಪರಮ ನಂಬಿಕೆಯ ಹೊಣೆಯಾಗಿದ್ದುದರಿಂದ ಈ ಪದವಿಯು ಬಹು ದೊಡ್ಡದಾಗಿತ್ತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಣಸವೆರ್ಗಡೆಯೆಂಬ ಬಿರುದನ್ನು ಹೊತ್ತ ಅನಂತಪಾಲನು ಮಹಾಪ್ರಧಾನನೂ ದಂಡನಾಯಕನೂ ಆಗಿದ್ದು, ಘಟ್ಟದ ಮೇಲಿನ ಬನವಾಸಿ ನಾಡಿನ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದನು. ಆದರೆ ಅವನ ಕೈಕೆಳಗೆ ಒಲೆಯ ಮುಂದೆ ದುಡಿದ ಬಾಣಸಿಗರ ಸ್ಥಿತಿ ಬೇರೆಯಾಗಿತ್ತು. ಎರಡನೆಯ ಚಾವುಂಡರಾಯನ ಲೋಕೋಪಕಾರ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಮೂರನೆಯ ಮಂಗರಸನ ಸೂಪಶಾಸ್ತ್ರ, ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರ ಈ ನಾಲ್ಕೂ ಗ್ರಂಥಗಳು ಪಾಕವಿದ್ಯೆಯನ್ನು ಹೇಳುತ್ತವೆಯಾದರೂ, ಬರೆದವರಲ್ಲಿ ಇಬ್ಬರು ಸ್ವತಃ ದೊರೆಗಳು. ಛತ್ರಗಳಿಗೂ ಬಸದಿಗಳ ಆಹಾರದಾನಕ್ಕೂ ಭೂಮಿ ಬಿಟ್ಟ ದಾನಿಗಳ ಹೆಸರು ಕಲ್ಲಿನಲ್ಲಿ ಉಳಿಯಿತು. ಬೇಯಿಸಿ ಬಡಿಸಿದವರನ್ನು ಹೊಗಳಬೇಕಾದಾಗ ಜನರು ನಳಪಾಕ, ಭೀಮಪಾಕವೆಂದು ಪುರಾಣದ ಹೆಸರುಗಳನ್ನೇ ಎತ್ತಿಕೊಂಡರು.

ಪಾಕಕಲೆಗೆ ಸಾರ್ವಜನಿಕ ಪ್ರಶಸ್ತಿ ನೀಡುವ ಪದ್ಧತಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಟೈರು ತಯಾರಕರಾದ ಮಿಶೆಲಿನ್ ಸಂಸ್ಥೆಯು 1900ರಲ್ಲಿ ವಾಹನ ಸವಾರರಿಗಾಗಿ ಆರಂಭಿಸಿದ ಕೈಪಿಡಿಯು 1926ರಿಂದ ಉತ್ತಮ ಭೋಜನಗೃಹಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಅಮೆರಿಕದ ಜೇಮ್ಸ್ ಬಿಯರ್ಡ್ ಪ್ರಶಸ್ತಿಗಳ ಸಮಾರಂಭ 1991ರಲ್ಲಿ ಮೊದಲಾಯಿತು. ಭಾರತದಲ್ಲಿ 2016ರಲ್ಲಿ ಲಖನೌ ಪರಂಪರೆಯ ಬಾಣಸಿಗ ಇಮ್ತಿಯಾಜ್ ಖುರೇಷಿಯವರಿಗೆ ಪದ್ಮಶ್ರೀ ಸಂದಿತು. ಕರ್ನಾಟಕದಲ್ಲಿ ಕೃಷಿ ಇಲಾಖೆಯು ಜಿಲ್ಲಾ ಮಟ್ಟದಲ್ಲಿ ಸಿರಿಧಾನ್ಯ ಹಾಗೂ ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆಗಳನ್ನು ನಡೆಸುತ್ತಿದ್ದು, ಮನೆಯ ಅಡುಗೆಯವರು, ಅದರಲ್ಲೂ ಹೆಂಗಸರು, ತಮ್ಮದೇ ಹೆಸರಿನಲ್ಲಿ ಬಹುಮಾನ ಪಡೆಯುವ ಅವಕಾಶ ಇದರಿಂದ ಒದಗಿದೆ.

ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡು ಮಲ್ಲಿಗೆ ಬೆಳೆಯುವ ಹೆಬಳೆಯಂಥ ಊರಿಗೆ ಈ ಬದಲಾವಣೆ ವಿಶೇಷವಾಗಿ ಮುಖ್ಯವಾದದ್ದು. ಅರಬ್ ವರ್ತಕರ ಸಂಬಂಧದಿಂದ ಬೆಳೆದ ನವಾಯತರ ಬಿರಿಯಾನಿ, ಮೀನುಗಾರ ಮನೆಗಳ ಸಾರು, ನಾಮಧಾರಿಗಳ ಹಾಗೂ ಕೊಂಕಣಿಗರ ಹಬ್ಬದಡುಗೆ, ಹವ್ಯಕರ ಅಪ್ಪೆಹುಳಿ ಮತ್ತು ತಂಬುಳಿ, ಇವೆಲ್ಲವೂ ಕೆಲವೇ ಮೈಲಿಗಳ ಅಂತರದಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಬಂದ ವಿದ್ಯೆಗಳು. ಈ ತೀರದ ಊಟದ ಬಗ್ಗೆ ಇಂದು ಖಚಿತವಾಗಿ ತಿಳಿದಿರುವುದರಲ್ಲಿ ಹೆಚ್ಚಿನದು ಹಡಗಿನಲ್ಲಿ ಬಂದು, ಉಂಡು, ಹೊರಟುಹೋದ ಅತಿಥಿಗಳು ಬರೆದದ್ದು. ತಟ್ಟೆಗೆ ಏನು ಬಿತ್ತೆಂಬುದನ್ನು ಅವರು ಕಂಡರು, ಮೆಣಸಿನ ಗೊಂಚಲನ್ನು ಎಷ್ಟು ದಿನ ಉಪ್ಪಿನಲ್ಲಿ ನೆನೆಹಾಕಿದ್ದರೆಂಬುದನ್ನು ಕಾಣಲಿಲ್ಲ. ಆದ್ದರಿಂದ ಪಾಕ ಪ್ರಶಸ್ತಿಯ ಸಾರ್ಥಕತೆ ಶಾಲು, ಹಾರ, ಫಲಕಗಳಿಗಿಂತ ಅದು ಉಳಿಸುವ ದಾಖಲೆಯಲ್ಲಿದೆ. ಸಮಾರಂಭಕ್ಕೆ ಆಹ್ವಾನಿತರಾದವರು ರುಚಿಯನ್ನು ಮೆಚ್ಚುವುದರೊಂದಿಗೆ ಮಾಡಿದವರ ಹೆಸರು, ಊರು, ಕಲಿಸಿಕೊಟ್ಟ ಹಿರಿಯರು, ಅಳತೆ ಮತ್ತು ವಿಧಾನಗಳನ್ನು ಕೇಳಿ ಬರೆದಿಡುವ ಹೊಣೆಯನ್ನೂ ಹೊರಬೇಕು. ಹಾಗಾದಾಗ ಮಾತ್ರ ಮುಂದಿನ ಕಾಲದ ಇತಿಹಾಸಕಾರರಿಗೆ ಅತಿಥಿಗಳ ಸಾಕ್ಷ್ಯದ ಪಕ್ಕದಲ್ಲಿ ಅಡುಗೆಯವರ ಸಾಕ್ಷ್ಯವೂ ದೊರೆಯುತ್ತದೆ.